ಕಣದ ಅಳತೆ, ಕೋಶದ ಬಾಯಿ

ಪ್ರಶ್ನೆ: 15, 50, 100 ನ್ಯಾನೋಮೀಟರಿನ ಚಿನ್ನದ ಕಣಗಳನ್ನು ಮಿಲಿಲೀಟರಿಗೆ ತಲಾ 10 ಮೈಕ್ರೋಗ್ರಾಂನಂತೆ ಹೀಲಾ ಕೋಶಗಳಿಗೆ (ಲ್ಯಾಬಿನಲ್ಲಿ ಬೆಳೆಸುವ ಮಾನವ ಕ್ಯಾನ್ಸರ್ ಕೋಶಗಳು) ಹಾಕಿ 24 ಗಂಟೆ ಬಿಟ್ಟೆ. 50ರವೇ ಹೆಚ್ಚು ಒಳಹೋಗುತ್ತವೆ ಎಂದು ಓದಿದ್ದೆ. ನನಗೆ 100ರದ್ದು ಹೆಚ್ಚು ಬಂತು. ತಪ್ಪೆಲ್ಲಿ?
— ಎಂ.ಎಸ್ಸಿ. ವಿದ್ಯಾರ್ಥಿನಿ, ಮೈಸೂರು

ಉತ್ತರ: ಓದಿದ್ದು ಸರಿಯೇ. 2006ರಲ್ಲಿ ಟೊರಾಂಟೊದ ವಾರೆನ್ ಚಾನ್ ತಂಡ ಹೀಲಾ ಕೋಶಗಳಲ್ಲೇ ಅದನ್ನು ತೋರಿಸಿತು. ಕಣ ತೀರಾ ಚಿಕ್ಕದಾದರೆ, ಕೋಶದ ಪೊರೆಯನ್ನು ಅಷ್ಟು ಬಿಗಿಯಾಗಿ ಬಗ್ಗಿಸಲು ಬೇಕಾದಷ್ಟು ಗ್ರಾಹಕಗಳು (ಕಣವನ್ನು ಹಿಡಿಯುವ, ಪೊರೆಯ ಮೇಲಿನ ಪ್ರೋಟೀನುಗಳು) ಅದಕ್ಕೆ ಅಂಟುವುದಿಲ್ಲ. ದೊಡ್ಡದಾದರೆ ಗ್ರಾಹಕಗಳು ದೂರದಿಂದ ಬಂದು ಸೇರಬೇಕು, ಸುತ್ತಿಕೊಳ್ಳುವುದು ತಡವಾಗುತ್ತದೆ.

ನಮ್ಮ ಮೊದಲ ಅನುಮಾನ ನಿಮ್ಮ ಲೆಕ್ಕದ ಮೇಲೆ. 100ರ ಒಂದು ಕಣ 50ರ ಎಂಟು ಕಣಗಳಷ್ಟು, 15ರ ಸುಮಾರು 300 ಕಣಗಳಷ್ಟು ತೂಗುತ್ತದೆ. ಒಳಗಿನ ಚಿನ್ನವನ್ನು ತೂಕದಲ್ಲಿ ಅಳೆದಿದ್ದರೆ ದೊಡ್ಡದೇ ಗೆದ್ದಂತೆ ಕಾಣುತ್ತದೆ. ಒಂದು ಕಣದ ತೂಕದಿಂದ ಭಾಗಿಸಿ, ಕೋಶಕ್ಕೆ ಎಷ್ಟು ಕಣ ಎಂದು ಬರೆಯಿರಿ. ಮುಂದಿನ ಸಲ ಹಾಕುವಾಗಲೂ ಕಣಗಳ ಸಂಖ್ಯೆಯನ್ನೇ ಸಮ ಮಾಡಿ.

ಎರಡನೆಯದನ್ನು ಬಹಳ ಜನ ಮರೆಯುತ್ತಾರೆ: ಚಿನ್ನ ಮುಳುಗುತ್ತದೆ. 37 ಡಿಗ್ರಿಯಲ್ಲಿ 100ರ ಕಣ ದಿನಕ್ಕೆ 12 ಮಿಲಿಮೀಟರಿನಷ್ಟು ಇಳಿಯುತ್ತದೆ, 15ರದ್ದು ಮಿಲಿಮೀಟರಿನ ಮೂರನೇ ಒಂದು ಭಾಗವೂ ಇಳಿಯದು. ನಿಮ್ಮ ತಟ್ಟೆಯ ಗುಳಿಯಲ್ಲಿ ಮೀಡಿಯಂ (ಕೋಶ ಬೆಳೆಸುವ ದ್ರವ) ಮೂರು ಮಿಲಿಮೀಟರ್ ಆಳ ಇದ್ದರೆ, ದೊಡ್ಡ ಕಣಗಳೆಲ್ಲ ಆರೇಳು ಗಂಟೆಯಲ್ಲೇ ಕೋಶಗಳ ತಲೆಯ ಮೇಲೆ ಕೂತಿರುತ್ತವೆ. ಕವರ್‌ಸ್ಲಿಪ್ಪಿನಲ್ಲಿ (ತೆಳ್ಳನೆಯ ಗಾಜಿನ ತುಣುಕು) ಕೋಶ ಬೆಳೆಸಿ, ಮಗುಚಿ ಹಾಕಿ ಅದೇ ಪ್ರಯೋಗ ಮಾಡಿ ನೋಡಿ. ವ್ಯತ್ಯಾಸ ಅಲ್ಲೇ ಸಿಗುತ್ತದೆ.

ಬಾಟಲಿಯ ಮೇಲಿನ ಅಳತೆಯನ್ನೂ ನಂಬಬೇಡಿ. ಸಿಟ್ರೇಟ್ ಲೇಪದ ಚಿನ್ನ ಉಪ್ಪು ಸೋಕಿದರೆ ಗುಂಪುಗೂಡಿ, ಕೆಂಪು ಬಣ್ಣ ನೇರಳೆಗೆ ತಿರುಗುತ್ತದೆ. ಮೊದಲೇ ಅಲ್ಬುಮಿನ್ ಪ್ರೋಟೀನನ್ನೋ, ಥಯೋಲ್ (ಚಿನ್ನಕ್ಕೆ ಅಂಟುವ ಗಂಧಕದ ತುದಿ) ಇರುವ ಪಾಲಿಎಥಿಲೀನ್ ಗ್ಲೈಕಾಲನ್ನೋ ಲೇಪಿಸಿ. ಆಮೇಲೆ ಮೀಡಿಯಂನಲ್ಲೇ, ಹಾಕಿದ ಕೂಡಲೇ ಒಮ್ಮೆ, 24 ಗಂಟೆಯ ನಂತರ ಇನ್ನೊಮ್ಮೆ ಗಾತ್ರ ಅಳೆಯಿರಿ. ಹೊರಗೆ ಬರೀ ಅಂಟಿಕೊಂಡದ್ದನ್ನು ಅಯೋಡಿನ್–ಪೊಟ್ಯಾಸಿಯಂ ಅಯೋಡೈಡ್ ದ್ರಾವಣದಿಂದ ಕರಗಿಸಿ ತೊಳೆಯದಿದ್ದರೆ ಅದೂ ‘ಒಳಗಿನ’ ಲೆಕ್ಕಕ್ಕೆ ಸೇರುತ್ತದೆ. 4 ಡಿಗ್ರಿಯಲ್ಲಿ ಇಟ್ಟ ಒಂದು ತಟ್ಟೆ ಹೋಲಿಕೆಗೆ ಇರಲಿ; ಆ ಚಳಿಯಲ್ಲಿ ಕೋಶ ನುಂಗುವುದು ಬಹುತೇಕ ನಿಲ್ಲುತ್ತದೆ.

ಪ್ರಶ್ನೆ: ಆಸ್ಬೆಸ್ಟಾಸ್‌ನಲ್ಲಿ ಎಳೆಯ ಆಕಾರವೇ ಅಪಾಯ ಎನ್ನುತ್ತಾರೆ. ಹಾಗಾದರೆ ಹಳೇ ಶೀಟನ್ನು ಗರಗಸದಲ್ಲಿ ಸಣ್ಣ ಸಣ್ಣದಾಗಿ ಕೊಯ್ದರೆ ಒಳ್ಳೆಯದಲ್ಲವೇ?
— ಓದುಗರು, ಹಾಸನ

ಉತ್ತರ: ಖಂಡಿತ ಬೇಡ. ಆಸ್ಬೆಸ್ಟಾಸ್ ಉದ್ದಕ್ಕೇ ಸೀಳುತ್ತದೆ. ಕೊಯ್ದಷ್ಟೂ ಇನ್ನೂ ತೆಳ್ಳನೆಯ ಎಳೆಗಳು ಏಳುತ್ತವೆ. ಗಾಳಿಯಲ್ಲಿ ಎಳೆ ಎಲ್ಲಿಯವರೆಗೆ ಹೋಗುತ್ತದೆ ಎನ್ನುವುದು ಮುಖ್ಯವಾಗಿ ಅದರ ದಪ್ಪದಿಂದ ತೀರ್ಮಾನವಾಗುತ್ತದೆ, ಉದ್ದದಿಂದಲ್ಲ. ಹಾಗಾಗಿ 20 ಮೈಕ್ರಾನ್ ಉದ್ದದ್ದೂ ಶ್ವಾಸಕೋಶದ ತಳ ಮುಟ್ಟುತ್ತದೆ. ಅಲ್ಲಿನ ಭಕ್ಷಕ ಕೋಶದ ಅಡ್ಡಳತೆಯೇ ಹೆಚ್ಚುಕಡಿಮೆ ಅಷ್ಟು. ನುಂಗಲು ಹೊರಟು ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಎಳೆಯನ್ನು ಕೊಲ್ಲಲೆಂದು ಸುರಿಸಿದ ರಾಸಾಯನಿಕಗಳು ಸುತ್ತಲಿನ ಅಂಗಾಂಶವನ್ನು ಸುಡುತ್ತಾ ಹೋಗುತ್ತವೆ. ಗಾಳಿಯ ತಪಾಸಣೆಯಲ್ಲಿ 5 ಮೈಕ್ರಾನಿಗಿಂತ ಉದ್ದ, 3ಕ್ಕಿಂತ ತೆಳು, ದಪ್ಪದ ಮೂರು ಪಟ್ಟಿಗಿಂತ ಉದ್ದವಿರುವ ಎಳೆಗಳನ್ನೇ ಎಣಿಸುತ್ತಾರೆ. ಹಾಗೆಂದು ಗಿಡ್ಡ ಎಳೆ ನಿರಪಾಯಕಾರಿ ಎಂದಲ್ಲ.

ಶೀಟನ್ನು ನೀರಿನಲ್ಲಿ ಚೆನ್ನಾಗಿ ನೆನೆಸಿ, ಬೋಲ್ಟ್ ಬಿಚ್ಚಿ, ಒಡೆಯದೆ ಇಡಿಯಾಗಿ ಇಳಿಸಿ. ಬಿದ್ದ ಧೂಳನ್ನು ಪೊರಕೆಯಿಂದ ಗುಡಿಸಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆ ಸಮೇತ ಚೀಲದಲ್ಲಿ ಕಟ್ಟಿ. ಮೂಗಿಗೆ ಕಟ್ಟುವ ಕರ್ಚೀಫು ಈ ಎಳೆಗಳನ್ನು ತಡೆಯದು.