ಒಂದು ಊರು ಕ್ರಾಫ್ಟ್ ಬಿಯರ್‌ಗೆ, ಅಂದರೆ ಸಣ್ಣ ಪ್ರಮಾಣದಲ್ಲಿ ತಯಾರಿಸುವ ಬಿಯರ್‌ಗೆ, ಹೆಸರಾಗಲು ಏನು ಬೇಕು? ದಾವಣಗೆರೆಗೆ ಸಾಧ್ಯವೇ?
ಸಾಧ್ಯ, ಆದರೆ ಕೆಲಸ ನೀರಿನಿಂದ ಶುರುವಾಗಬೇಕು. ಬಿಯರ್‌ನಲ್ಲಿ ಶೇ. 90ಕ್ಕೂ ಹೆಚ್ಚು ಇರುವುದು ನೀರೇ. ಜೆಕ್ ದೇಶದ ಪಿಲ್ಸೆನ್‌ನ ಮೆದು ನೀರಿನಲ್ಲಿ 1842ರಲ್ಲಿ ಪಿಲ್ಸ್‌ನರ್ ಎಂಬ ತಿಳಿ ಹೊಂಬಣ್ಣದ ಬಿಯರ್ ಹುಟ್ಟಿತು. ಇಂಗ್ಲೆಂಡಿನ ಬರ್ಟನ್‌ನ ಗಡಸು ನೀರು ಕಹಿ ಏಲ್‌ಗೆ (ಏಲ್ ಎಂದರೆ ತುಸು ಬೆಚ್ಚಗೆ ಹುದುಗಿಸುವ ಬಿಯರ್) ಒಗ್ಗಿತು. ನಮ್ಮ ಕಡೆ ಬೋರ್‌ವೆಲ್ ನೀರಾದರೆ ಮೊದಲು ಪರೀಕ್ಷೆ ಮಾಡಿಸಿ, ಆರ್‌ಒ ಫಿಲ್ಟರ್‌ನಲ್ಲಿ ಲವಣ ತೆಗೆದು, ಆಮೇಲೆ ಕ್ಯಾಲ್ಸಿಯಂ ಲೀಟರಿಗೆ 50ರಿಂದ 100 ಮಿಲಿಗ್ರಾಂ ಇರುವಂತೆ ಕ್ಯಾಲ್ಸಿಯಂ ಲವಣ ಸೇರಿಸಬೇಕು. ನಲ್ಲಿ ನೀರಿನ ಕ್ಲೋರಿನ್ ತೆಗೆಯದಿದ್ದರೆ ಬಿಯರ್‌ಗೆ ಆಸ್ಪತ್ರೆಯ ವಾಸನೆ ಹತ್ತುತ್ತದೆ, ಮತ್ತೆ ಹೋಗುವುದಿಲ್ಲ.

ಇನ್ನು ತಂಪು. ಏಲ್ ಹುದುಗಲು ಸುಮಾರು 18ರಿಂದ 22 ಡಿಗ್ರಿ ಬೇಕು. ಏಪ್ರಿಲ್‌ನಲ್ಲಿ ಕರೆಂಟ್ ಹೋಗಿ ಚಿಲ್ಲರ್ ನಿಂತರೆ, ಹುದುಗಿಸುವ ಯೀಸ್ಟ್ ಬಿಸಿಯೇರಿ ಗಂಟಲು ಸುಡುವ ಘಾಟು ಬಿಡುತ್ತದೆ. ಜನರೇಟರ್ ಇಲ್ಲದೆ ಕೈಹಾಕಲೇಬೇಡಿ.

ಇಷ್ಟಾದರೂ ಒಂದೇ ಬ್ರೂವರಿಯಿಂದ ಊರಿಗೆ ಹೆಸರು ಬರುವುದಿಲ್ಲ. ಬೆಣ್ಣೆ ದೋಸೆಗೆ ಹೆಸರು ಬಂದದ್ದು ಹತ್ತಾರು ಹೋಟೆಲ್‌ಗಳಿದ್ದು, ತಿನ್ನುವವರಿಗೆ ರುಚಿಯ ವ್ಯತ್ಯಾಸ ಗೊತ್ತಿದ್ದುದರಿಂದ. ಇಲ್ಲೂ ಹಾಗೆಯೇ: ನಡೆದು ಹೋಗುವಷ್ಟು ದೂರದಲ್ಲಿ ನಾಲ್ಕೈದು ಕಡೆ, ತಾಜಾ ಬಿಯರ್, ಎರಡು ವಾರಕ್ಕೊಮ್ಮೆ ತೊಳೆದ ಬಿಯರ್ ನಲ್ಲಿಯ ಪೈಪು. ಪೈಪು ಕೊಳೆಯಾದರೆ ಎಂಥ ಬಿಯರ್ ಆದರೂ ಹುಳಿ, ಇಲ್ಲವೇ ಹಳಸಿದ ಬೆಣ್ಣೆಯ ವಾಸನೆ.

ನಮ್ಮದೇ ಗುರುತು ಬೇಕೆಂದರೆ ಮೆಕ್ಕೆಜೋಳ ಇದೆಯಲ್ಲ! ಧಾನ್ಯದಲ್ಲಿ ಶೇ. 20ರವರೆಗೆ ಹಾಕಬಹುದು. ನುಚ್ಚನ್ನು ಮೊದಲು ಗಂಜಿಯಂತೆ ಬೇಯಿಸಿಕೊಂಡೇ ಮಾಲ್ಟ್‌ಗೆ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಗೆ) ಸೇರಿಸಿ. ಹಸಿಯಾಗಿ ಹಾಕಿದರೆ ಪಿಷ್ಟ ಸರಿಯಾಗಿ ಸಕ್ಕರೆಯಾಗದು.