ಸನ್ಮಾನದ ವೇದಿಕೆಯ ಎರಡನೆಯ ಕುರ್ಚಿ

ಓದುಗರ ಪತ್ರ:

ನನಗೆ 58 ವರ್ಷ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕಕ್ಕೂ ಪೆರ್ಲಕ್ಕೂ ನಡುವಿನ ಒಂದು ಹಳ್ಳಿಯಲ್ಲಿ ನಮ್ಮ ಮನೆ. ಗಂಡ ಮಕ್ಕಳ ವೈದ್ಯರು, ಅವರಿಗೆ 64. ಮಂಗಳೂರಿನಲ್ಲಿ ಓದು ಮುಗಿಸಿ, ಅಲ್ಲಿ ಸಿಕ್ಕಿದ್ದ ಕೆಲಸ ಬಿಟ್ಟು ಊರಿಗೆ ಬಂದವರು. ಮನೆಯ ಮುಂದಿನ ಎರಡು ಕೋಣೆಗಳೇ ಕ್ಲಿನಿಕ್. 34 ವರ್ಷಗಳಲ್ಲಿ ನಮ್ಮ ಜಗಲಿ ಖಾಲಿ ಇದ್ದ ದಿನ ನನಗೆ ನೆನಪಿಲ್ಲ.

ಅವರು ಕೆಟ್ಟವರಲ್ಲ. ಅತ್ತೆ ಮೂರು ವರ್ಷ ಹಾಸಿಗೆ ಹಿಡಿದಾಗ ಮೈ ಒರೆಸುವುದು, ಬಟ್ಟೆ ಬದಲಿಸುವುದು ಎಲ್ಲ ಅವರೇ ಮಾಡಿದರು, ನನಗೆ ಬಿಡಲಿಲ್ಲ. ಈಗಲೂ ಬೆಳಗಿನ ಕಾಫಿ ಮಾಡಿ ಕೊಡುವುದು ಅವರೇ. ಆದರೆ ಮಗಳ ಹುಟ್ಟುಹಬ್ಬ, ಮಗನ ಉಪನಯನ, ನನ್ನ ಅಪ್ಪನ ಉತ್ತರಕ್ರಿಯೆ, ಯಾವುದರಲ್ಲೂ ಅವರು ಕೊನೆಯವರೆಗೆ ಕುಳಿತವರಲ್ಲ. ಕಳೆದ ವರ್ಷ ಹೃದಯಕ್ಕೆ ಸ್ಟೆಂಟ್ ಹಾಕಿದರು. ಆಸ್ಪತ್ರೆಯ ಮಂಚದಲ್ಲಿ ನನ್ನ ಕೈ ಹಿಡಿದು, 'ಇನ್ನು ಮಧ್ಯಾಹ್ನದವರೆಗೆ ಮಾತ್ರ' ಎಂದಿದ್ದರು. ಅದು 20 ದಿನ ನಡೆಯಿತು.

ಕಳೆದ ತಿಂಗಳು ಮಂಗಳೂರಿನಲ್ಲಿ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ಮುಹೂರ್ತದ ಹೊತ್ತಿಗೆ ಇವರಿಗೆ ಊರಿನಿಂದ ಫೋನು. ಯಾರದೋ ಮಗುವಿಗೆ ಫಿಟ್ಸ್ ಬಂದಿದೆಯಂತೆ. ಕಾರು ಹತ್ತಿ ಹೊರಟೇ ಹೋದರು. ಆ ರಾತ್ರಿ ನಾನು, 'ನಿಮಗೆ ಊರಿನ ಮಕ್ಕಳೆಲ್ಲ ಮಕ್ಕಳು, ನಮ್ಮವರು ಮಾತ್ರ ಯಾರೋ' ಎಂದೆ. ಅವರು ಏನೂ ಹೇಳದೆ ಊಟ ಮುಗಿಸಿ ಎದ್ದರು.

ಬರುವ ತಿಂಗಳು ಊರವರು ಶಾಲೆಯ ಅಂಗಳದಲ್ಲಿ ಅವರಿಗೆ ಸನ್ಮಾನ ಇಟ್ಟುಕೊಂಡಿದ್ದಾರೆ. ನಾನೂ ವೇದಿಕೆಯಲ್ಲಿ ಪಕ್ಕದ ಕುರ್ಚಿಯಲ್ಲಿ ಕೂರಬೇಕಂತೆ. ಅಲ್ಲಿ ಕುಳಿತು ನಗುವುದು ನನ್ನಿಂದಾಗದು. ಮಗಳು, ಇಬ್ಬರೂ ಮಂಗಳೂರಿಗೇ ಬಂದುಬಿಡಿ ಎನ್ನುತ್ತಾಳೆ. ನಾನು ಸ್ವಾರ್ಥಿಯೆ?

ಉತ್ತರ:

ಅಕ್ಕ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನೀವು ಸ್ವಾರ್ಥಿಯಲ್ಲ. ನಿಮ್ಮ ಪತ್ರದಲ್ಲಿ ಅವರು ಮಾಡಿದ್ದೆಲ್ಲ ಇದೆ, ನೀವು ಮಾಡಿದ್ದು ಒಂದೂ ಇಲ್ಲ. ಆದರೆ ಮನೆಯ ಜಗಲಿಯೇ ಕ್ಲಿನಿಕ್ಕಿನ ಕಾಯುವ ಜಾಗವಾದರೆ ಅಲ್ಲಿ ಮಗು ವಾಂತಿ ಮಾಡಿದಾಗ ಒರೆಸುವವರು ಯಾರು, ಆಟಿಯ ಮಳೆಯಲ್ಲಿ ನೆನೆದು ಬಂದ ತಾಯಿಗೆ ಒಣ ಬಟ್ಟೆ ಕೊಡುವವರು ಯಾರು, ದೂರದಿಂದ ನಡೆದು ಬಂದವರ ಮುಂದೆ ನೀರು–ಬೆಲ್ಲ ಇಡುವವರು ಯಾರು, ರಾತ್ರಿ ಎರಡು ಗಂಟೆಗೆ ನಾಯಿ ಬೊಗಳಿದರೆ ಲೈಟು ಹಾಕುವವರು ಯಾರು ಎಂಬುದು ಯಾರೂ ಹೇಳದೆ ನನಗೆ ಗೊತ್ತು. 34 ವರ್ಷ ಆ ಕ್ಲಿನಿಕ್ ನಡೆಸಿದವರು ಇಬ್ಬರು. ಹೊರಗೆ ಬೋರ್ಡಿನಲ್ಲಿ ಒಬ್ಬರ ಹೆಸರಿದೆ, ಅಷ್ಟೇ.

ನನ್ನ ತಾಯಿ ಹಳ್ಳಿ ಶಾಲೆಯ ಟೀಚರ್. ತರಗತಿಯ ಪ್ರತಿ ಮಗುವಿನ ಮನೆಯಲ್ಲಿ ಏನು ಅಡುಗೆ ಎಂಬುದೂ ಅವರಿಗೆ ಗೊತ್ತಿತ್ತು. ನನ್ನ ಹತ್ತಿರದ ಗೆಳತಿಯ ಹೆಸರು ಮಾತ್ರ ಗೊತ್ತಿರಲಿಲ್ಲ. ಎಲ್ಲರೂ ಕೈಮುಗಿಯುವವರ ಮೇಲೆ ಸಿಟ್ಟು ಬಂದರೆ ಅದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಆ ಕಷ್ಟವನ್ನು ನಾನು ಬಲ್ಲೆ. ಆದ್ದರಿಂದ ನಿಮ್ಮ ಪತ್ರವನ್ನು ಎರಡು ಸಲ ಓದಿದೆ.

ಅವರು ಯಾಕೆ ಹೀಗೆ ಎದ್ದು ಹೋಗುತ್ತಾರೆ ಎಂಬುದನ್ನು ಮೊದಲು ನೋಡೋಣ. ನೀವಿರುವ ಜಾಗ ಅಂಥದ್ದು. ಮಗುವಿಗೆ ಸ್ವಲ್ಪ ಹೆಚ್ಚಾದರೆ ಸುಮಾರು 50 ಕಿಲೋಮೀಟರು ದೂರದ ಮಂಗಳೂರನ್ನು ನೆನೆಯುವ ಊರು, ನಡುವೆ ರಾಜ್ಯದ ಗಡಿ. 2020ರ ಮಾರ್ಚಿನ ಕೊನೆಯಲ್ಲಿ ಕೊರೋನಾ ಕಾರಣಕ್ಕೆ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದ್ದನ್ನು ನೀವು ಮರೆತಿರಲಾರಿರಿ. ಆಂಬುಲೆನ್ಸುಗಳು ಗಡಿಯಿಂದ ಹಿಂದಿರುಗಿದವು, ಚಿಕಿತ್ಸೆ ಸಿಗದೆ ಕೆಲವರು ತೀರಿಕೊಂಡರು. ಏಪ್ರಿಲ್ 1ರಂದು ಕೇರಳ ಹೈಕೋರ್ಟು, ತುರ್ತು ರೋಗಿಗಳಿಗೆ ದಾರಿ ಬಿಡಿಸಿ ಎಂದು ಕೇಂದ್ರ ಸರಕಾರಕ್ಕೆ ಹೇಳಬೇಕಾಯಿತು. ಆ ದಿನಗಳಲ್ಲಿ ನಿಮ್ಮ ಜಗಲಿಯೇ ಎಷ್ಟೋ ಮಕ್ಕಳಿಗೆ ಮಂಗಳೂರಾಗಿತ್ತು.

ಅದಕ್ಕೂ ಹಿಂದಿನದೊಂದು ಇದೆ. 1970ರ ದಶಕದ ಕೊನೆಯಿಂದ 2000ದವರೆಗೆ ನಿಮ್ಮ ಸುತ್ತಲಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಒಂದೊಂದು ಮನೆಯಲ್ಲೂ ಕಾಣುತ್ತಿದ್ದ ಕಾಯಿಲೆಗಳನ್ನು ಒಟ್ಟಿಗೆ ಇಟ್ಟು ನೋಡಿ, ಇದು ಸಹಜವಲ್ಲ ಎಂದು ಮೊದಲು ಗುರುತಿಸಿದವರಲ್ಲಿ ಒಬ್ಬರು ಅಲ್ಲಿಯೇ ಚಿಕಿತ್ಸೆ ನೀಡುತ್ತಿದ್ದ ಡಾ. ವೈ. ಎಸ್. ಮೋಹನ ಕುಮಾರ್. ದೊಡ್ಡ ಆಸ್ಪತ್ರೆಗೆ ಕಾಣದ್ದು ಹಳ್ಳಿಯ ವೈದ್ಯರಿಗೆ ಕಂಡಿತು. ಸುಪ್ರೀಂ ಕೋರ್ಟು ದೇಶದಲ್ಲಿ ಆ ವಿಷವನ್ನು ತಡೆದದ್ದು 2011ರಲ್ಲಿ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಆದೇಶಿಸಿದ್ದು 2017ರಲ್ಲಿ. ಸಿಂಪಡಣೆಯ ಕೊನೆಯ ವರ್ಷಗಳಲ್ಲಿ ನಿಮ್ಮ ಯಜಮಾನರು ಅದೇ ಸೀಮೆಯ ಮಕ್ಕಳ ನಾಡಿ ಹಿಡಿಯುತ್ತಿದ್ದರು. ತಲೆ ನಿಲ್ಲದ, ಕುತ್ತಿಗೆ ಹೊರಳದ ಮಗುವನ್ನು ಎತ್ತಿಕೊಂಡು ನಿಂತ ತಾಯಿಯನ್ನು ಕಂಡವರಿಗೆ, ಹೊತ್ತಾಯಿತು ಎಂದು ಬಾಗಿಲು ಹಾಕಲು ಕೈ ಬರುವುದಿಲ್ಲ.

ಇದನ್ನೆಲ್ಲ ಅವರ ಪರವಾಗಿ ವಾದಿಸಲು ಬರೆಯುತ್ತಿಲ್ಲ. ನಿಮಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತು, ಗೊತ್ತಿದ್ದೇ ನೋಯುತ್ತಿದ್ದೀರಿ. ನನ್ನ ತಕರಾರು ಬೇರೆ.

ತೊಟ್ಟಿಲ ಶಾಸ್ತ್ರದ ದಿನವನ್ನೇ ತೆಗೆದುಕೊಳ್ಳಿ. ಊರಿನಲ್ಲಿ ಮಗುವಿಗೆ ಫಿಟ್ಸ್, ಅವರು ಮಂಗಳೂರಿನಲ್ಲಿ. ಆ ಮಗುವನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ಬಾಯಿಗೆ ಚಮಚವಾಗಲಿ ನೀರಾಗಲಿ ಹಾಕಬಾರದು, ಕೈಗೆ ಕಬ್ಬಿಣ ಕೊಟ್ಟು ಕಾಯುತ್ತ ಕೂರಬಾರದು, ಐದು ನಿಮಿಷದಲ್ಲಿ ನಿಲ್ಲದಿದ್ದರೆ ಸಿಕ್ಕಿದ ವಾಹನದಲ್ಲಿ ಹತ್ತಿರದ ಆಸ್ಪತ್ರೆಗೆ ಧಾವಿಸಬೇಕು. ಇಷ್ಟನ್ನೂ ಅವರು ಫೋನಿನಲ್ಲಿಯೇ ಹೇಳಿರುತ್ತಾರೆ, ಅದು ಆ ಮಗುವಿಗೆ ಸಿಕ್ಕ ದೊಡ್ಡ ಉಪಕಾರ. ಅದಾದ ಮೇಲೆ ಒಂದು ಗಂಟೆಗೂ ಹೆಚ್ಚಿನ ದಾರಿಯನ್ನು ಕಾರಿನಲ್ಲಿ ಓಡಿದ್ದರಿಂದ ಮಗುವಿಗೆ ಏನು ಸಿಕ್ಕಿತು? ಅವರು ತಲುಪುವ ಮೊದಲೇ ಆ ಐದು ನಿಮಿಷ ಮುಗಿದುಹೋಗಿತ್ತು. ಅವರು ಹೊರಟದ್ದು ತಮಗೆ ಕೂತಲ್ಲಿ ಕೂರಲಾಗದ ಕಾರಣಕ್ಕೆ. ತಾನಿಲ್ಲದಿದ್ದರೆ ಊರು ನಿಲ್ಲದು ಎಂಬ ಭಯ 34 ವರ್ಷಗಳಲ್ಲಿ ಅವರ ರಕ್ತಕ್ಕೇ ಇಳಿದಿದೆ. ಅಲ್ಲಿ ಅವರು ತಪ್ಪಿದರು ಎಂದೇ ನಾನು ಹೇಳುತ್ತೇನೆ. ನಿಮ್ಮ ಸಿಟ್ಟಿಗೆ ನ್ಯಾಯವಿದೆ.

ಆ ಭಯದಿಂದ ಊರಿಗೂ ಒಳ್ಳೆಯದಾಗುವುದಿಲ್ಲ. ಅಷ್ಟು ಮಕ್ಕಳ ರಾತ್ರಿಗಳನ್ನು ಸ್ಟೆಂಟ್ ಹಾಕಿಸಿಕೊಂಡ ಒಂದು ಹೃದಯಕ್ಕೆ ತೂಗುಹಾಕಿದರೆ ನಾಳೆ ಏನು ಗತಿ?

ಅವರೇ ಕಾಲೇಜಿನಲ್ಲಿ ಓದಿರಬಹುದಾದ ಕಥೆಯೊಂದಿದೆ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಹಬ್ಬಿತು. ಆಸ್ಪತ್ರೆಯ ನೆಲದ ತುಂಬ ರೋಗಿಗಳು, ಸಲೈನ್ ಮುಗಿಯುತ್ತ ಬಂದಿತ್ತು. ಅಲ್ಲಿದ್ದ ಮಕ್ಕಳ ವೈದ್ಯ ದಿಲೀಪ್ ಮಹಲನೊಬಿಸ್ ಉಪ್ಪು, ಗ್ಲೂಕೋಸು, ಅಡುಗೆ ಸೋಡ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟರು. ಅದನ್ನು ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರಿಗೇ ಒಪ್ಪಿಸಿದರು. ನೂರಕ್ಕೆ ಸುಮಾರು 30 ಇದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಇಂದು ನಿಮ್ಮ ಯಜಮಾನರು ಭೇದಿಯಾದ ಮಗುವಿಗೆ ಬರೆದುಕೊಡುವ ಓಆರ್‌ಎಸ್ ಪೊಟ್ಟಣದ ಹಿಂದೆ ಆ ಡ್ರಮ್ಮುಗಳಿವೆ. ಲೋಟವನ್ನು ತಾಯಿಯ ಕೈಗೆ ಕೊಡದೆ ಎಲ್ಲರಿಗೂ ನಾನೇ ಸಲೈನ್ ಹಾಕುತ್ತೇನೆ ಎಂದು ಮಹಲನೊಬಿಸ್ ಹೊರಟಿದ್ದರೆ ಎಷ್ಟು ಜನ ಉಳಿಯುತ್ತಿದ್ದರು?

ಅಕ್ಕ, ನಿಮ್ಮ ಯಜಮಾನರು ಮಾಡದೆ ಉಳಿಸಿರುವ ಕೆಲಸ ಇದೊಂದೇ. ಲೋಟ ದಾಟಿಸುವುದು.

'ಮಧ್ಯಾಹ್ನದವರೆಗೆ ಮಾತ್ರ' ಎಂಬ ಮಾತು ಯಾಕೆ 20 ದಿನಕ್ಕೆ ಸತ್ತಿತು ಎಂದು ಯೋಚಿಸಿದೆ. ಅದು ನಿಮ್ಮಿಬ್ಬರ ನಡುವಿನ ಮಾತಾಗಿತ್ತು. ಸಂಜೆ ಐದಕ್ಕೆ ಗೇಟಿನಲ್ಲಿ ನಿಂತ ತಾಯಿಗೆ ಅದು ಗೊತ್ತಿರಲಿಲ್ಲ, ಅವಳು ಬೇರೆಲ್ಲಿಗೆ ಹೋಗಬೇಕೆಂದು ಯಾರೂ ಹೇಳಿರಲಿಲ್ಲ. ಅವಳು ನಿಂತರೆ ಅವರು ಬಾಗಿಲು ತೆರೆಯುತ್ತಾರೆ; ಪ್ರಾಯಶಃ ಅವರಿಗಿಂತ ಮೊದಲು ನೀವೇ ತೆರೆಯುತ್ತೀರಿ. ಆದ್ದರಿಂದ ಅವರ ಕೈಯಲ್ಲಿಯೇ ಒಂದು ಪಟ್ಟಿ ಬರೆಸಿ: ಯಾವುದಕ್ಕೆ ನಡುರಾತ್ರಿಯಾದರೂ ಎಬ್ಬಿಸಬಹುದು, ಯಾವುದು ಬೆಳಗಿನವರೆಗೆ ಕಾಯಬಹುದು. ಎರಡು ತಿಂಗಳೊಳಗಿನ ಕೂಸಿಗೆ ಜ್ವರ, ಮೊಲೆಹಾಲನ್ನೂ ನೀರನ್ನೂ ಬಿಟ್ಟ ಮಗು, ಎಬ್ಬಿಸಿದರೂ ಕಣ್ಣು ಬಿಡದ ಮಗು, ಫಿಟ್ಸ್, ಉಸಿರಾಟದ ಕಷ್ಟ, ಇವೆಲ್ಲ ಅದರಲ್ಲಿ ಬಂದಾವು. ಉಸಿರನ್ನು ಎಣಿಸಲು ತಾಯಂದಿರಿಗೆ ಕಲಿಸಬಹುದು. ಮಗು ಅಳದೆ ಇರುವಾಗ ಗಡಿಯಾರ ಹಿಡಿದು ಒಂದು ನಿಮಿಷ ಎದೆ ಏರಿಳಿಯುವುದನ್ನು ನೋಡಬೇಕು. ಎರಡು ತಿಂಗಳು ದಾಟಿ ವರ್ಷ ತುಂಬದ ಮಗುವಿಗೆ 50, ಐದು ವರ್ಷದೊಳಗಿನ ದೊಡ್ಡ ಮಗುವಿಗೆ 40 ಮುಟ್ಟಿದರೆ ತಡಮಾಡಬಾರದು. ಭೇದಿಗೆ ಓಆರ್‌ಎಸ್ಸಿನ ಜೊತೆ ಸತು (ಜಿಂಕ್) ಮಾತ್ರೆಯನ್ನು 14 ದಿನ ಪೂರ್ತಿ ಕೊಡಬೇಕೆಂಬುದು ಎಷ್ಟೋ ಮನೆಗಳಲ್ಲಿ ಮೂರನೆಯ ದಿನಕ್ಕೇ ಮರೆತುಹೋಗುತ್ತದೆ. ಇದನ್ನು ಜಗಲಿಯಲ್ಲಿ ಒಬ್ಬೊಬ್ಬರಿಗೆ ಹೇಳುತ್ತ 34 ವರ್ಷ ಕಳೆದವರು, ತಿಂಗಳಿಗೆ ಎರಡು ಸಲ ನಲವತ್ತು ತಾಯಂದಿರನ್ನು ಒಟ್ಟಿಗೆ ಕೂರಿಸಿಕೊಂಡು ಹೇಳಲಿ.

ಅಲ್ಲಿ ಆಶಾ ಕಾರ್ಯಕರ್ತೆಯರೂ ಇರಬೇಕು. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಬಂದವರ ಮನೆಗೆ 3, 7, 14, 21, 28, 42ನೆಯ ದಿನಗಳಲ್ಲಿ ಹೋಗಿ ಕೂಸನ್ನು ನೋಡಿ ಬರುವವರು ಅವರೇ. ಅವರ ಪುಸ್ತಕ ಮಲಯಾಳದ್ದಿರಬಹುದು, ಬಾಣಂತಿಯ ಮಾತು ತುಳುವೋ ಕನ್ನಡವೋ ಬ್ಯಾರಿಯೋ ಆಗಿರುತ್ತದೆ. ಸಪ್ತಭಾಷೆಯ ನಾಡೆಂದು ನಾವು ಹೆಮ್ಮೆಪಡುತ್ತೇವೆ, ಆದರೆ 'ಎಷ್ಟು ಸಲ ಭೇದಿಯಾಯಿತು' ಎಂಬ ಪ್ರಶ್ನೆಗೆ ಉತ್ತರ ತಪ್ಪಿದರೆ ಮಗುವಿಗೆ ಕಷ್ಟ. ಆ ಪಟ್ಟಿ ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಗೋಡೆಯ ಮೇಲಿರಲಿ. ತುಳುವಿನಲ್ಲಿ ವಿವರಿಸಲು ನೀವಿದ್ದೀರಿ. ಜಗಲಿಯ ಎಲ್ಲ ಭಾಷೆಗಳನ್ನು ಇಷ್ಟು ವರ್ಷ ಕಿವಿಗೆ ತುಂಬಿಕೊಂಡವರಲ್ಲವೆ ನೀವು? ನಿಮಗೆ ಮನಸ್ಸಿದ್ದರೆ ಮಾತ್ರ. ಇನ್ನೊಂದು ದುಡಿಮೆಯನ್ನು ನಿಮ್ಮ ತಲೆಗೆ ಕಟ್ಟುವುದು ನನ್ನ ಉದ್ದೇಶವಲ್ಲ.

ಮಂಗಳೂರಿಗೆ ಮನೆ ಬದಲಿಸುವುದು ಬೇಡ ಎನಿಸುತ್ತದೆ. ಫ್ಲಾಟಿನ ಬಾಲ್ಕನಿಯಲ್ಲಿ ಫೋನು ಹಿಡಿದು ಕುಳಿತ ಅವರನ್ನು ನೋಡುತ್ತ ನೀವು ಇನ್ನಷ್ಟು ಸೊರಗುತ್ತೀರಿ. ಶನಿವಾರ ಮಧ್ಯಾಹ್ನ ಹೊರಟು ಸೋಮವಾರ ಬೆಳಿಗ್ಗೆ ಹಿಂದಿರುಗುವ ಕ್ರಮ ಮಾಡಿಕೊಳ್ಳಿ. ಅವರು ಬರದ ವಾರ ನೀವೊಬ್ಬರೇ ಬಸ್ಸು ಹತ್ತಿ ಹೋಗಿ. ಅನ್ನ ಬೇಯಿಸಿಕೊಳ್ಳಲು ಅವರಿಗೆ ಬರುತ್ತದೆ.

ಆ ರಾತ್ರಿ ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಬೇಡಿ. ಆದರೆ ಅದರ ಇನ್ನರ್ಧ ನಿಮ್ಮ ಹೊಟ್ಟೆಯಲ್ಲಿಯೇ ಉಳಿದಿದೆ. ಸ್ಟೆಂಟ್ ಹಾಕಿದ ದಿನ ಆಪರೇಷನ್ ಕೋಣೆಯ ಹೊರಗೆ ನೀವು ಏನೆಂದುಕೊಂಡು ಕುಳಿತಿದ್ದಿರಿ ಎಂಬುದನ್ನು ಅವರಿಗೆ ಯಾವತ್ತಾದರೂ ಹೇಳಿದ್ದೀರಾ? ಬೆಳಿಗ್ಗೆ ಅವರು ಕಾಫಿ ತಂದು ಕೊಡುವಾಗ ಜಗಲಿಯಲ್ಲಿ ಇನ್ನೂ ಯಾರೂ ಬಂದಿರುವುದಿಲ್ಲ. ಆಗ ಹೇಳಿ. ಹಾಸಿಗೆ ಹಿಡಿದ ತಾಯಿಯ ಮೈಯನ್ನು ಮೂರು ವರ್ಷ ಒರೆಸಿದವರಿಗೆ ಭಯದ ಭಾಷೆ ಅರ್ಥವಾಗುತ್ತದೆ. ಆರೋಪಕ್ಕೆ ಅವರು ಸುಮ್ಮನಾದರು, ಏಕೆಂದರೆ ಅವರ ಬಳಿ ಉತ್ತರ ಇರಲಿಲ್ಲ.

ಇನ್ನು ಸನ್ಮಾನ. ಹೋಗಿ, ಆದರೆ ನಗಲೇಬೇಕೆಂದಿಲ್ಲ. ಹೋಗುವ ಮೊದಲು ಸಂಘಟಕರನ್ನು ಮನೆಗೆ ಕರೆದು ಮಾತನಾಡಿ. ಶಾಲು, ಹಣ್ಣಿನ ಬುಟ್ಟಿ ಎಲ್ಲ ಇರಲಿ, ಅದರ ಜೊತೆ ಎರಡು ಕೆಲಸ ಆಗಬೇಕೆನ್ನಿ: ತಾಯಂದಿರ ಸಭೆಗೆ ತಿಂಗಳಿಗೆ ಎರಡು ದಿನ ಶಾಲೆಯ ಹಾಲ್ ಕೊಡಿಸಬೇಕು, ಡಾಕ್ಟರರ ಹೊಸ ಸಮಯವನ್ನು, ಆ ಸಮಯ ಮುಗಿದ ಮೇಲೆ ಎಲ್ಲಿಗೆ ಹೋಗಬೇಕೆಂಬುದನ್ನು, ವೇದಿಕೆಯಿಂದ ಊರವರೇ ಘೋಷಿಸಬೇಕು. ಊರು ಆಡಿದ ಮಾತನ್ನು ಊರೇ ಕಾಯುತ್ತದೆ, ನೀವೊಬ್ಬರೇ ಗೇಟಿನಲ್ಲಿ ನಿಂತು ಕಾಯಬೇಕಾಗಿಲ್ಲ. ಒಪ್ಪಿದರೆ ಎರಡನೆಯ ಕುರ್ಚಿಯಲ್ಲಿ ಕುಳಿತುಕೊಳ್ಳಿ. ಒಪ್ಪದಿದ್ದರೆ ಮೊಮ್ಮಗಳನ್ನು ಮಡಿಲಲ್ಲಿಟ್ಟುಕೊಂಡು ಸಭೆಯ ಮುಂದಿನ ಸಾಲಿನಲ್ಲಿ ಕುಳಿತರೂ ನಿಮ್ಮ ಮರ್ಯಾದೆಗೆ ಕುಂದಿಲ್ಲ.

ಆ ದಿನ ಅವರ ಮೊಬೈಲು ಮಗನ ಕೈಯಲ್ಲಿರಲಿ. ಪಟ್ಟಿಯಲ್ಲಿರುವ ಕಾರಣಕ್ಕೆ ಕರೆ ಬಂದರೆ ಮಾತ್ರ ಅವನು ವೇದಿಕೆಗೆ ಹತ್ತಲಿ. ಬೇರೆ ಯಾವುದಾದರೂ ಆದರೆ ಅವನೇ ಉತ್ತರ ಹೇಳಲಿ. ಹಾಗೊಂದು ಕರೆ ಬಂದು ಅವರು ಹಾರ ತೆಗೆದಿಟ್ಟು ಎದ್ದರೆ, ಹೋಗಲಿ ಬಿಡಿ. ನೀವು ಮಾತ್ರ ಏಳಬೇಡಿ. ಮೈಕು ನಿಮ್ಮ ಮುಂದೆ ಬರುತ್ತದೆ, 34 ವರ್ಷ ಆ ಜಗಲಿಯಲ್ಲಿ ಕಂಡದ್ದನ್ನು ನೀವೇ ಹೇಳಿ.