ಎರಡನೇ ಪುಸ್ತಕದಲ್ಲಿ ಕೈಬಿಟ್ಟವರಿಗೆ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಹದಿಹರೆಯದವರ ಡಿಸ್ಟೋಪಿಯ (ಕರಾಳ ಭವಿಷ್ಯದ ಸಮಾಜದ) ಪ್ರೇಮಸರಣಿಗಳ ಮುಂದಿನ ಭಾಗಗಳ ಬಗ್ಗೆಯೇ. ಯಾವ ಕಥೆಯ ಕೊನೆಯನ್ನೂ ಇಲ್ಲಿ ಬಿಟ್ಟುಕೊಟ್ಟಿಲ್ಲ. ನಡುವಿನ ಒಂದೆರಡು ಸಂಗತಿ ಹೇಳದೆ ಗತ್ಯಂತರವಿರಲಿಲ್ಲ. ಹಾಗಾಗಿ ಮೊದಲ ಪುಸ್ತಕವನ್ನೇ ಮುಗಿಸದವರು ಈ ಪುಟವನ್ನು ಸದ್ಯಕ್ಕೆ ಮಡಚಿಡಿ.

ಪ್ರ: ಮೊದಲ ಪುಸ್ತಕ ಎರಡೇ ದಿನದಲ್ಲಿ ಮುಗಿಯುತ್ತದೆ, ಎರಡನೆಯದು ನೂರು ಪುಟಕ್ಕೆ ನಿಂತುಬಿಡುತ್ತದೆ. ‘ಹಂಗರ್ ಗೇಮ್ಸ್’ ಸರಣಿಯ ‘ಕ್ಯಾಚಿಂಗ್ ಫೈರ್’, ‘ಮ್ಯಾಚ್ಡ್’ ಸರಣಿಯ ‘ಕ್ರಾಸ್ಡ್’ ಎರಡರಲ್ಲೂ ನನಗೆ ಇದೇ ಗತಿ. ತಪ್ಪು ನನ್ನದೋ, ಪುಸ್ತಕದ್ದೋ?

ಉ: ಇಬ್ಬರದೂ ಅಲ್ಲ. ನೀವು ಕಾಯುತ್ತಿರುವುದೇ ಬೇರೆ, ಪುಸ್ತಕ ಕೊಡುತ್ತಿರುವುದೇ ಬೇರೆ.

ಈ ಬಗೆಯ ಸರಣಿಗಳಲ್ಲಿ ಮೊದಲ ಪುಸ್ತಕ ಒಂದೇ ಒಂದು ಕಟ್ಟಳೆಯ ಮೇಲೆ ಓಡುತ್ತದೆ. ‘ಮ್ಯಾಚ್ಡ್’ನಲ್ಲಿ ಯಾರು ಯಾರನ್ನು ಮದುವೆಯಾಗಬೇಕೆಂದು ಸಮಾಜವೇ ಗೊತ್ತುಮಾಡುತ್ತದೆ. ‘ಡೆಲಿರಿಯಂ’ನಲ್ಲಿ ಪ್ರೀತಿಯೇ ರೋಗ, ಹದಿನೆಂಟು ತುಂಬಿದವರಿಗೆ ಅದನ್ನು ‘ಗುಣಪಡಿಸುತ್ತಾರೆ’. ‘ಹಂಗರ್ ಗೇಮ್ಸ್’ನಲ್ಲಿ ಪ್ರತಿ ಜಿಲ್ಲೆಯಿಂದ ಒಬ್ಬ ಹುಡುಗ, ಒಬ್ಬ ಹುಡುಗಿ ಕೊಂದು ಬದುಕುವ ಆಟದ ಕಣಕ್ಕಿಳಿಯಬೇಕು. ಕಟ್ಟಳೆ ಅಷ್ಟು ಬಿಗಿಯಾಗಿರುವುದರಿಂದಲೇ ಒಂದು ನೋಟಕ್ಕೂ, ಕೈ ತಾಗಿದ್ದಕ್ಕೂ ಬೆಲೆ ಬರುತ್ತದೆ. ಎರಡನೇ ಪುಸ್ತಕದ ಹೊತ್ತಿಗೆ ಕಟ್ಟಳೆ ಮುರಿದಾಗಿದೆ, ನಾಯಕ ನಾಯಕಿ ಇಬ್ಬರೂ ಅಪರಾಧಿಗಳೇ. ಅವರು ಕದ್ದು ನೋಡಿಕೊಂಡರೆ ಯಾರ ಎದೆಯೂ ಡವಗುಟ್ಟುವುದಿಲ್ಲ. ಆಗ ಬರಹಗಾರರ ಕೈಗೆ ಸುಲಭವಾಗಿ ಸಿಗುವ ಉಪಾಯ ಅಗಲಿಕೆ. ‘ಕ್ರಾಸ್ಡ್’ ಶುರುವಾಗುವಾಗ ನಾಯಕ ಕೈ (Ky) ಗಡಿಯಂಚಿನ ಪ್ರಾಂತ್ಯದಲ್ಲಿದ್ದಾನೆ, ನಾಯಕಿ ಕ್ಯಾಸಿಯಾ ಅವನನ್ನು ಹುಡುಕುತ್ತಿದ್ದಾಳೆ. ಇಬ್ಬರೂ ಒಂದೇ ಪುಟದಲ್ಲಿ ಸಿಗಲು ತಾಳ್ಮೆ ಬೇಕು. ‘ಡೆಲಿರಿಯಂ’ನ ಮುಂದಿನ ಭಾಗ ‘ಪ್ಯಾಂಡಮೋನಿಯಂ’ನಲ್ಲೂ ಲೀನಾ ಬೇಲಿಯಾಚೆ ಬಂದುಬಿಟ್ಟಿದ್ದಾಳೆ. ಅಲ್ಲಿ ಅಧ್ಯಾಯಗಳು ‘ಆಗ’, ‘ಈಗ’ ಎಂದು ಹಿಂದೆ ಮುಂದೆ ಜಿಗಿಯುವುದು ಬೇರೆ.

‘ಕ್ಯಾಚಿಂಗ್ ಫೈರ್’ನ ಲೆಕ್ಕ ಇನ್ನೂ ಸ್ಪಷ್ಟ. ಒಟ್ಟು 27 ಅಧ್ಯಾಯ, ಒಂಬತ್ತೊಂಬತ್ತರ ಮೂರು ಭಾಗ. ಕಣದ ಆಟ ತೊಡಗುವುದು ಮೂರನೇ ಭಾಗದಲ್ಲಿ, ಎಂದರೆ 19ನೇ ಅಧ್ಯಾಯದಲ್ಲಿ. ಮೊದಲ ಪುಸ್ತಕದ ರುಚಿ ನಾಲಿಗೆಯಲ್ಲಿಟ್ಟುಕೊಂಡು ಕಣ ಯಾವಾಗ ಬರುತ್ತದೆ ಎಂದು ಕಾದವರು ಎಂಟನೇ ಅಧ್ಯಾಯದ ಹೊತ್ತಿಗೆ ಸುಸ್ತಾಗುವುದು ಸಹಜವೇ. ಆ ಮೊದಲ ಒಂಬತ್ತರಲ್ಲಿ ನೋಡಬೇಕಾದ್ದು ಕ್ಯಾಟ್ನಿಸ್ ಮತ್ತು ಪೀಟಾ ಕ್ಯಾಮೆರಾ ಮುಂದೆ ಆಡುವ ಪ್ರೇಮದ ನಾಟಕವನ್ನು. ಯಾವ ಅಪ್ಪುಗೆ ಅಧ್ಯಕ್ಷ ಸ್ನೋನನ್ನು ನಂಬಿಸಲು, ಯಾವುದು ಕೆಟ್ಟ ಕನಸಿನಿಂದ ಎದ್ದು ಹುಡುಕಿಕೊಂಡದ್ದು ಎಂದು ಬೇರೆ ಮಾಡುತ್ತಾ ಓದಿ. ಪ್ರೇಮಕಥೆ ಇರುವುದೇ ಆ ಸಂದಿಯಲ್ಲಿ. 11ನೇ ಜಿಲ್ಲೆಯ ದೃಶ್ಯವನ್ನಂತೂ ಹಾರಿಸಬೇಡಿ. ಪೀಟಾ ತಮ್ಮ ಗೆಲುವಿನ ಹಣದಲ್ಲಿ ಪ್ರತಿ ವರ್ಷ ಒಂದು ತಿಂಗಳಿನದನ್ನು ಸತ್ತ ಮಕ್ಕಳ ಮನೆಯವರಿಗೆ ಕೊಡುವುದಾಗಿ ಹೇಳುತ್ತಾನೆ. ಕ್ಯಾಟ್ನಿಸ್ ಬರೆದುಕೊಟ್ಟದ್ದನ್ನು ಬಿಟ್ಟು, ಕಣದಲ್ಲಿ ಸತ್ತ ಆ ಜಿಲ್ಲೆಯ ಹುಡುಗಿ ರೂ ಬಗ್ಗೆ ಮಾತಾಡುತ್ತಾಳೆ. ಗುಂಪಿನಲ್ಲಿದ್ದ ಒಬ್ಬ ಮುದುಕ ರೂಳ ನಾಲ್ಕು ಸ್ವರಗಳ ಶಿಳ್ಳೆ ಹಾಕುತ್ತಾನೆ, ಆಮೇಲೆ ಗುಂಡಿನ ಸದ್ದು. ಮುಂದಿನ ಎರಡೂ ಪುಸ್ತಕಗಳ ಬೆಂಕಿ ಹೊತ್ತಿಕೊಳ್ಳುವುದು ಅಲ್ಲೇ.

ಇನ್ನು ಓದುವ ಕ್ರಮ. ಎರಡನೆಯದನ್ನು ತೆರೆಯುವ ಮೊದಲು ಹಿಂದಿನ ಪುಸ್ತಕದ ಕೊನೆಯ ಎರಡು ಅಧ್ಯಾಯ ಮತ್ತೆ ಓದಿ, ಸಾಕು. ಮೊದಲ ಮೂರನೇ ಒಂದು ಪಾಲನ್ನು ರಾತ್ರಿಗೆ ಹತ್ತು ಪುಟದಂತೆ ಹಿಂಜಬೇಡಿ. ಹೊಸ ಊರು, ಹೊಸ ಹೆಸರುಗಳೆಲ್ಲ ಬಂದು ಬೀಳುವುದು ಅಲ್ಲೇ, ಚೂರು ಚೂರು ಓದಿದರೆ ಒಂದೂ ನಿಲ್ಲುವುದಿಲ್ಲ. ಎರಡು ಮೂರು ಕೂತಿನಲ್ಲಿ ಮುಗಿಸಿ. ಅಷ್ಟಾದರೂ ಹಿಡಿಸದಿದ್ದರೆ ಕೆಳಗಿಡಿ, ಯಾರೂ ಪರೀಕ್ಷೆ ಮಾಡುವುದಿಲ್ಲ.

ಪ್ರ: ‘ಅಲೀಜಿಯಂಟ್’ ಓದುತ್ತಾ ಈಗ ಮಾತಾಡುತ್ತಿರುವುದು ಟ್ರಿಸ್ಸೋ ಟೋಬಿಯಾಸೋ ಎಂದೇ ಮರೆಯುತ್ತದೆ. ಮೂರನೇ ಪುಸ್ತಕದಲ್ಲಿ ಏಕೆ ಹೀಗೆ ನಿರೂಪಕರನ್ನು ಬದಲಿಸುತ್ತಾರೆ?

ಉ: ಮರೆಯುವುದು ನೀವೊಬ್ಬರೇ ಅಲ್ಲ. ‘ಡೈವರ್ಜೆಂಟ್’ ಮತ್ತು ‘ಇನ್‌ಸರ್ಜೆಂಟ್’ ಪೂರ್ತಿ ಟ್ರಿಸ್ ಬಾಯಲ್ಲಿವೆ. 2013ರ ‘ಅಲೀಜಿಯಂಟ್’ನಲ್ಲಿ ಮಾತ್ರ ಇಬ್ಬರೂ ಹೇಳುತ್ತಾರೆ. ಇಬ್ಬರೂ ‘ನಾನು’, ಇಬ್ಬರದೂ ವರ್ತಮಾನ ಕಾಲ, ವಾಕ್ಯದ ಲಯದಲ್ಲೂ ಹೇಳಿಕೊಳ್ಳುವಂಥ ಅಂತರವಿಲ್ಲ. ಇದು ಬರವಣಿಗೆಯ ದೋಷವೇ, ಓದುಗರ ತಲೆಗೆ ಕಟ್ಟುವಂಥದ್ದಲ್ಲ. ಪ್ರತಿ ಅಧ್ಯಾಯದ ತಲೆಯಲ್ಲಿ ಹೆಸರಿರುತ್ತದೆ. ಫೋನಿನಲ್ಲಿ ಅಥವಾ ಇ-ರೀಡರಿನಲ್ಲಿ ಓದುವವರು ಬಿಟ್ಟಲ್ಲಿಂದಲೇ ನೇರ ತೆರೆಯುವುದರಿಂದ ಆ ಹೆಸರು ಕಣ್ಣಿಗೆ ಬೀಳುವುದೇ ಇಲ್ಲ. ಅಧ್ಯಾಯ ಮುಗಿಸಿಯೇ ನಿಲ್ಲಿಸುವ ಅಭ್ಯಾಸ ಮಾಡಿಕೊಂಡರೆ ಅರ್ಧ ಗೊಂದಲ ಹೋಗುತ್ತದೆ.

ಬದಲಿಸುವುದಕ್ಕೆ ಕಾರಣವೂ ಇದೆ. ಮೊದಲ ಪುಸ್ತಕದ ಜಗತ್ತು ಒಂದು ಊರಿನಷ್ಟು. ಮೂರನೆಯದರಲ್ಲಿ ಯುದ್ಧ ನಾಲ್ಕು ಕಡೆ ನಡೆಯುತ್ತಿರುತ್ತದೆ, ಒಬ್ಬಳೇ ನಾಯಕಿ ಎಲ್ಲ ಕಡೆ ಇರಲಾರಳು. ಕ್ಯಾಸಿಯಾಳ ಸರಣಿಯಲ್ಲಿ ಮೊದಲ ಪುಸ್ತಕಕ್ಕೆ ಒಬ್ಬಳೇ, ಎರಡನೆಯದಕ್ಕೆ ಇಬ್ಬರು, ‘ರೀಚ್ಡ್’ಗೆ ಜ್ಯಾಂಡರ್ ಸೇರಿ ಮೂವರು. ಲೀನಾಳ ಸರಣಿಯ ಕೊನೆಯ ‘ರೆಕ್ವಿಯಂ’ನಲ್ಲಿ ಗೋಡೆಯೊಳಗೇ ಉಳಿದ ಗೆಳತಿ ಹಾನಾ ಅರ್ಧ ಕಥೆ ಹೇಳುತ್ತಾಳೆ. ಇಬ್ಬರಿರುವ ಸರಣಿಗಳಲ್ಲಿ ಈ ಕೆಲಸ ಚೆನ್ನಾಗಿ ಆಗಿರುವುದು ಇಲ್ಲೇ ಎನ್ನಬೇಕು, ಏಕೆಂದರೆ ಹಾನಾ ನಿಂತ ನೆಲವೇ ಬೇರೆ, ದನಿಯೂ ಬೇರೆ. ಡೇ ಮತ್ತು ಜೂನ್ ಇಬ್ಬರೂ ಹೇಳುವ ‘ಲೆಜೆಂಡ್’ ಸರಣಿಗೆ ಈ ತೊಂದರೆಯೇ ಇಲ್ಲ. ಮೊದಲ ಪುಸ್ತಕದಿಂದಲೇ ಇಬ್ಬರ ದನಿ ಕಿವಿಗೆ ಕೂತಿರುತ್ತದೆ.

ಪ್ರ: ಒಂದೂವರೆ, ಎರಡೂವರೆ ಎಂದು ಸಂಖ್ಯೆ ಹಾಕಿದ ಕಿರುಕಾದಂಬರಿಗಳನ್ನು ಓದಲೇಬೇಕೆ?

ಉ: ಎಲ್ಲವನ್ನೂ ಅಲ್ಲ. ‘ಶ್ಯಾಟರ್ ಮಿ’ ಸರಣಿಯಲ್ಲಿ ಒಂದನ್ನು ಮಾತ್ರ ಬಿಡಬೇಡಿ: ‘ಡಿಸ್ಟ್ರಾಯ್ ಮಿ’. ಮೊದಲ ಪುಸ್ತಕ ಮುಗಿದ ಮೇಲೆ, ‘ಅನ್‌ರಾವೆಲ್ ಮಿ’ಗಿಂತ ಮೊದಲು ಅದರ ಜಾಗ. ಮೊದಲ ಪುಸ್ತಕದಲ್ಲಿ ಖಳ ವಾರ್ನರ್ ನಮಗೆ ಕಾಣುವುದು ನಾಯಕಿ ಜೂಲಿಯೆಟ್‌ಳ ಭಯದ ಕಣ್ಣಿನಿಂದ ಮಾತ್ರ. ಇಲ್ಲಿ ಅವನೇ ಮಾತಾಡುತ್ತಾನೆ. ಇದನ್ನು ಓದದೆ ಮುಂದೆ ಹೋದವರಿಗೆ ‘ಇವನ ಮೇಲೆ ಲೇಖಕಿಗೆ ಇದ್ದಕ್ಕಿದ್ದಂತೆ ಏಕಿಷ್ಟು ಅಕ್ಕರೆ’ ಎನಿಸುತ್ತದೆ. ಎರಡು ಮತ್ತು ಮೂರರ ನಡುವಿನ ‘ಫ್ರಾಕ್ಚರ್ ಮಿ’ ಆ್ಯಡಮ್‌ನ ಕಣ್ಣಿನದು, ಬಿಟ್ಟರೂ ನಷ್ಟವಿಲ್ಲ. ಎರಡೂ ಒಟ್ಟಿಗೆ ಬೇಕಾದರೆ ‘ಯುನೈಟ್ ಮಿ’ ಎಂಬ ಸಂಪುಟದಲ್ಲಿವೆ. ಹಾಗೆಂದು ಒಂದೇ ಏಟಿಗೆ ಎರಡನ್ನೂ ಓದಿಬಿಡಬೇಡಿ, ಎರಡನೆಯದು ಮುಂದಿನ ಕಥೆಯ ಗುಟ್ಟು ಬಿಡುತ್ತದೆ.

ಇದೇ ಸರಣಿಗೆ ಇನ್ನೊಂದು ಎಚ್ಚರಿಕೆ. ಜೂಲಿಯೆಟ್‌ಳ ವಾಕ್ಯಗಳ ಮೇಲೆ ಅಡ್ಡಗೆರೆ ಎಳೆದಿರುವುದು ಅಚ್ಚಿನ ತಪ್ಪಲ್ಲ. ಹೇಳಲು ಹೆದರಿ ಹೊಡೆದುಹಾಕಿದ ಮಾತುಗಳು ಅವು. ಅವಳ ಧೈರ್ಯ ಹೆಚ್ಚಿದಂತೆ ಗೆರೆಗಳು ಕಡಿಮೆಯಾಗುತ್ತವೆ, ‘ಇಗ್ನೈಟ್ ಮಿ’ ಹೊತ್ತಿಗೆ ಹೆಚ್ಚುಕಡಿಮೆ ಮಾಯ. ಬರೀ ಪಠ್ಯವಾಗಿ ಬದಲಿಸಿದ ಫೈಲಿನಲ್ಲಿ ಗೆರೆ ಅಳಿಸಿಹೋಗಿ ಬಿಟ್ಟ ಮಾತು, ಆಡಿದ ಮಾತು ಒಂದೇ ಆಗಿಬಿಡುತ್ತವೆ. ಒಂದು ಸಾಲಿನ ಹಿಂದೆಯೇ ಅದಕ್ಕೆ ತದ್ವಿರುದ್ಧ ಸಾಲು ಬರುತ್ತಿದ್ದರೆ ಅನುಮಾನಪಡಿ.

‘ದ ಸೆಲೆಕ್ಷನ್’ಗೆ ಬಂದರೆ, ವಧುವನ್ನು ಆರಿಸಬೇಕಾದ ರಾಜಕುಮಾರ ಮ್ಯಾಕ್ಸನ್‌ನ ‘ದ ಪ್ರಿನ್ಸ್’ ಕಾಲದ ಲೆಕ್ಕದಲ್ಲಿ ಮೊದಲು ಶುರುವಾದರೂ ಮೊದಲ ಪುಸ್ತಕದ ನಂತರವೇ ಓದಿ. ಅವನ ಮನಸ್ಸು ನಾಯಕಿ ಅಮೆರಿಕಾಳಿಗೆ ಗೊತ್ತಿಲ್ಲದಿರುವುದೇ ಆ ಪುಸ್ತಕದ ಸ್ವಾರಸ್ಯ. ‘ದ ಗಾರ್ಡ್’ ಆಸ್ಪೆನ್‌ನದು, ‘ದ ಎಲೀಟ್’ ಆದಮೇಲೆ. ‘ದ ಕ್ವೀನ್’ ಮ್ಯಾಕ್ಸನ್‌ನ ತಾಯಿಯದು, ಅದು ಮೂರನೇ ಪುಸ್ತಕ ‘ದ ಒನ್’ ಆದಮೇಲೇ ಇರಲಿ.

ಪ್ರ: ‘ದ ಒನ್’ ಮುಗಿಸಿದೆ. ‘ದ ಏರ್’ (The Heir) ಬೇಕೆ?

ಉ: ಅಮೆರಿಕಾಳ ಕಥೆ ‘ದ ಒನ್’ನಲ್ಲೇ ಪೂರ್ಣ. 2015ರ ‘ದ ಏರ್’, 2016ರ ‘ದ ಕ್ರೌನ್’ ಎರಡೂ ಇಪ್ಪತ್ತು ವರ್ಷದ ನಂತರ ನಡೆಯುವ, ಅವಳ ಮಗಳ ಕಥೆ. ಈ ಸಲ ಆರಿಸುವವಳು ಹುಡುಗಿ, ಸಾಲಾಗಿ ನಿಲ್ಲುವವರು 35 ಹುಡುಗರು. ಮಗಳು ಈಡ್ಲಿನ್ ಅರಮನೆಯಲ್ಲೇ ಬೆಳೆದವಳು, ಸುಲಭಕ್ಕೆ ಮೆಚ್ಚುಗೆಯಾಗುವವಳಲ್ಲ. ತಾಯಿಯನ್ನು ಮತ್ತೆ ಹುಡುಕಿಕೊಂಡು ಹೋಗುವುದಾದರೆ ಬೇಡ.

ಪ್ರ: ಒಂದು ಭಾಗಕ್ಕೂ ಇನ್ನೊಂದಕ್ಕೂ ವರ್ಷ ಕಳೆಯುತ್ತದೆ. ಹಿಂದಿನದೆಲ್ಲ ಮರೆತೇಹೋಗುತ್ತದೆ. ಮತ್ತೆ ಪೂರ್ತಿ ಓದಬೇಕೆ?

ಉ: ಬೇಡ. ಪುಸ್ತಕ ಮುಗಿದ ದಿನವೇ ಅರ್ಧ ಪುಟ ಬರೆದಿಡಿ. ಪಾತ್ರಗಳ ಹೆಸರು, ಬಣ್ಣ, ಕೂದಲು ಬರೆಯುತ್ತಾ ಕೂರಬೇಡಿ. ಮುಂದಿನ ಪುಸ್ತಕ ಅವನ್ನೆಲ್ಲ ತಾನೇ ನೆನಪಿಸುತ್ತದೆ. ನೆನಪಿಸದೆ ಬಿಡುವುದು ಮೂರು ಸಂಗತಿ. ಯಾರಿಗೆ ಯಾವ ಗುಟ್ಟು ಗೊತ್ತಿದೆ, ಯಾರಿಗೆ ಇನ್ನೂ ಗೊತ್ತಿಲ್ಲ. ಯಾರು ಯಾರಿಗೆ ಯಾವ ಮಾತು ಕೊಟ್ಟಿದ್ದಾರೆ. ಕೊನೆಯ ಪುಟದಲ್ಲಿ ಯಾರು ಎಲ್ಲಿದ್ದಾರೆ, ಯಾರ ಹೆಣ ಯಾರೂ ಕಣ್ಣಾರೆ ನೋಡಿಲ್ಲ. ಈ ಕೊನೆಯದಕ್ಕೆ ಅಡಿಗೆರೆ ಎಳೆಯಿರಿ. ಡಿಸ್ಟೋಪಿಯ ಪ್ರೇಮಸರಣಿಯಲ್ಲಿ ಹೆಣ ಕಾಣದ ಸಾವನ್ನು ನಂಬಬಾರದು.

ಇಂಟರ್ನೆಟ್ಟಿನಲ್ಲಿ ಸಾರಾಂಶ ಹುಡುಕುವವರಿಗೆ ಒಂದು ಮಾತು. ಪಾತ್ರದ ಹೆಸರು ಹಾಕಿ ಹುಡುಕಬೇಡಿ. ಪೆಟ್ಟಿಗೆಯಲ್ಲಿ ಅರ್ಧ ಬರೆಯುವಷ್ಟರಲ್ಲೇ ‘ಸಾಯುತ್ತಾನೆಯೇ’ ಎಂದು ಅದೇ ಪೂರ್ತಿ ಮಾಡಿ ತೋರಿಸುತ್ತದೆ. ಪುಸ್ತಕದ ಹೆಸರು ಹಾಕಿ.

ಪ್ರ: ಹನ್ನೊಂದರ ಮಗಳು ‘ಹಂಗರ್ ಗೇಮ್ಸ್’ ಮುಗಿಸಿ ಮುಂದಿನದನ್ನು ಕೇಳುತ್ತಿದ್ದಾಳೆ. ಕೊಡಬಹುದೆ?

ಉ: ‘ಕ್ಯಾಚಿಂಗ್ ಫೈರ್’ ಕೊಡಬಹುದು, ಮೊದಲನೆಯದನ್ನು ತಡೆದುಕೊಂಡವಳು ಇದನ್ನೂ ತಡೆದುಕೊಳ್ಳುತ್ತಾಳೆ. ಮೂರನೆಯದಾದ ‘ಮಾಕಿಂಗ್‌ಜೇ’ ಕೊಡುವ ಮೊದಲು ನೀವೇ ಒಮ್ಮೆ ಓದಿ. ಅದು ಆಟವಲ್ಲ, ಯುದ್ಧ. ಗಾಯಾಳುಗಳಿರುವ ಆಸ್ಪತ್ರೆಯ ಮೇಲೆ ಬಾಂಬು ಬೀಳುತ್ತದೆ, ವಿಷ ಕೊಟ್ಟು ಒಬ್ಬನ ನೆನಪನ್ನೇ ತಿರುಚುತ್ತಾರೆ, ಗೆದ್ದ ಮೇಲೂ ನಾಯಕಿಗೆ ನಿದ್ದೆ ಬರುವುದಿಲ್ಲ. ರಕ್ತಕ್ಕಿಂತ ಆ ಖಿನ್ನತೆಯೇ ಮಕ್ಕಳಿಗೆ ಭಾರ. ಸರಣಿಗಳಲ್ಲಿ ಪ್ರೇಮದ ಬಿಸಿಯೂ ಒಂದೇ ಹದದಲ್ಲಿರುವುದಿಲ್ಲ. ‘ಹಂಗರ್ ಗೇಮ್ಸ್’ನಲ್ಲಿ ಮುತ್ತಿಗಿಂತ ಆಚೆ ವರ್ಣನೆಯಿಲ್ಲ, ‘ಶ್ಯಾಟರ್ ಮಿ’ಯಲ್ಲಿ ಪುಸ್ತಕದಿಂದ ಪುಸ್ತಕಕ್ಕೆ ಏರುತ್ತದೆ. ಹಾಗಾಗಿ ಮೊದಲ ಭಾಗ ನೋಡಿ ಇಡೀ ಸರಣಿಗೆ ಒಪ್ಪಿಗೆ ಕೊಡಬೇಡಿ.

ಪ್ರ: ‘ಡೈವರ್ಜೆಂಟ್’ ಸಿನಿಮಾ ಮೂರೂ ನೋಡಿದ್ದೇನೆ. ಕಥೆಯ ಕೊನೆಗೆ ಯಾವ ಪುಸ್ತಕದಿಂದ ಶುರುಮಾಡಲಿ?

ಉ: ಎರಡನೆಯದರಿಂದ. ಕೊನೆಯ ಪುಸ್ತಕವನ್ನು ಎರಡು ಸಿನಿಮಾ ಮಾಡುವ ಯೋಜನೆಯಿತ್ತು. 2016ರಲ್ಲಿ ಮೊದಲರ್ಧ ಬಂತು, ಎರಡನೆಯದು ತಯಾರಾಗಲೇ ಇಲ್ಲ. ಹಾಗಾಗಿ ನೀವು ನೋಡಿದ ಕಥೆಗೆ ತೆರೆಯ ಮೇಲೆ ಮುಕ್ತಾಯವಿಲ್ಲ. ‘ಇನ್‌ಸರ್ಜೆಂಟ್’ ಸಿನಿಮಾದಲ್ಲಿ ಎಲ್ಲರೂ ತೆರೆಯಲು ಹೆಣಗುವ ಪೆಟ್ಟಿಗೆಯಿದೆಯಲ್ಲ, ಪುಸ್ತಕದಲ್ಲಿ ಅದು ಇಲ್ಲವೇ ಇಲ್ಲ. ಅದನ್ನೇ ನಂಬಿ ನೇರ ಮೂರಕ್ಕೆ ಹಾರಿದರೆ ಮೊದಲ ಅಧ್ಯಾಯಗಳಲ್ಲೇ ಲೆಕ್ಕ ತಪ್ಪುತ್ತದೆ.

ಪ್ರ: ‘ಹಂಗರ್ ಗೇಮ್ಸ್’ಗೆ ಎರಡು ಹಿಂಕಥೆಗಳು ಬಂದಿವೆ. ಕಾಲಾನುಕ್ರಮದಲ್ಲಿ ಅವನ್ನೇ ಮೊದಲು ಓದಿದರೆ ಹೇಗೆ?

ಉ: ಬೇಡ, ಬಂದ ಕ್ರಮದಲ್ಲೇ ಓದಿ. ಮೂಲ ಮೂರು 2008, 2009, 2010ರವು. 2020ರ ‘ದ ಬ್ಯಾಲಡ್ ಆಫ್ ಸಾಂಗ್‌ಬರ್ಡ್ಸ್ ಆ್ಯಂಡ್ ಸ್ನೇಕ್ಸ್’ 10ನೇ ಆಟದ ಕಥೆ, ಕ್ಯಾಟ್ನಿಸ್‌ಗಿಂತ 64 ವರ್ಷ ಹಿಂದಿನದು. ಇದೊಂದೇ ‘ನಾನು’ ಇಲ್ಲದೆ, ಹೊರಗಿನಿಂದ ಹೇಳಿದ ಪುಸ್ತಕ. ಹದಿನೆಂಟರ ಸ್ನೋ ಪ್ರೀತಿಸುವುದನ್ನು ನೋಡುವಾಗ ಅವನು ಮುಂದೆ ಏನಾಗುತ್ತಾನೆಂದು ನಮಗೆ ಗೊತ್ತಿರಬೇಕು, ಇಲ್ಲದಿದ್ದರೆ ಅವನ ಸಿಹಿಮಾತು ಬರೀ ಸಿಹಿಮಾತಾಗಿ ಉಳಿಯುತ್ತದೆ.

2025ರ ‘ಸನ್‌ರೈಸ್ ಆನ್ ದ ರೀಪಿಂಗ್’ ಕ್ಯಾಟ್ನಿಸ್ ಮತ್ತು ಪೀಟಾಗೆ ಮಾರ್ಗದರ್ಶಿಯಾಗಿದ್ದ ಹೇಮಿಚ್ ಆಡಿದ 50ನೇ ಆಟದ್ದು. ಆ ವರ್ಷ 24ರ ಬದಲು 48 ಮಕ್ಕಳು. ಇದನ್ನು ತೆರೆಯುವ ಮೊದಲು ‘ಕ್ಯಾಚಿಂಗ್ ಫೈರ್’ನ ಎರಡನೇ ಭಾಗಕ್ಕೆ ಒಮ್ಮೆ ಹೋಗಿಬನ್ನಿ. ರೈಲಿನಲ್ಲಿ ಕ್ಯಾಟ್ನಿಸ್ ಮತ್ತು ಪೀಟಾ ಆ ಆಟದ ಹಳೆಯ ಟೇಪು ಹಾಕಿ ನೋಡುವ ದೃಶ್ಯ ಅಲ್ಲಿದೆ, ನಾಲ್ಕಾರು ಪುಟ ಅಷ್ಟೇ. ಅದರಲ್ಲಿ ಮೇಸಿಲೀ ಡಾನರ್ ಎಂಬ ಹುಡುಗಿಯನ್ನು ಗುರುತಿಟ್ಟುಕೊಳ್ಳಿ. ಕ್ಯಾಟ್ನಿಸ್ ಎದೆಗೆ ಚುಚ್ಚಿಕೊಂಡ ಹಕ್ಕಿಯ ಪಿನ್ನು ಮೂಲದಲ್ಲಿ ಅವಳದು. ಅದನ್ನು ಕ್ಯಾಟ್ನಿಸ್‌ಗೆ ಕೊಟ್ಟ ಮ್ಯಾಡ್ಜ್, ಮೇಸಿಲೀಯ ಅವಳಿ ಸೋದರಿಯ ಮಗಳು. ಸಿನಿಮಾದಲ್ಲಿ ಮ್ಯಾಡ್ಜ್ ಇಲ್ಲವೇ ಇಲ್ಲ, ಪಿನ್ನು ಸಂತೆಯ ಮುದುಕಿಯ ಕೈಯಿಂದ ಬರುತ್ತದೆ. ಸಿನಿಮಾ ಮಾತ್ರ ನೋಡಿದವರಿಗೆ ಈ ಎಳೆ ಸಿಗುವುದಿಲ್ಲ. ಟೇಪಿನ ಪುಟಗಳು ಹಸಿಯಾಗಿರುವಾಗಲೇ ಹೊಸ ಪುಸ್ತಕ ಶುರುಮಾಡಿ. ಟೇಪು ತೋರಿಸಿದ ಆಟಕ್ಕೂ ಹೇಮಿಚ್ ತಾನೇ ಹೇಳುವ ಆಟಕ್ಕೂ ಎಲ್ಲೆಲ್ಲಿ ಹೊಂದುವುದಿಲ್ಲ ಎಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋಗಿ.